ಐದನೇ ನಂಬರಿನ ಕಾಲು

ಆ ಮನೆಯ ಕೆಲಸ ನನಗೆ ಸಿಕ್ಕಿದ್ದು ಕಾಲಿನಿಂದ. ಹೋದದ್ದೂ ಕಾಲಿನಿಂದಲೇ. ಹೋಯಿತಲ್ಲ ಅಂತ ಓಣಿಯವರೆಲ್ಲ ಬಂದು ಬಂದು ಸಮಾಧಾನ ಹೇಳಿದರು. ನನಗೆ ನಗು ತಡೆಯಲು ಆಗಲಿಲ್ಲ. ಸಮಾಧಾನ ಬೇಕಾಗಿದ್ದದ್ದು ಬೇರೆಯವರಿಗೆ.

ಆರು ವರ್ಷದ ಹಿಂದೆ ಕೆಲಸ ಕೇಳಿಕೊಂಡು ಹೋದಾಗ ದೊಡ್ಡಮ್ಮಾವ್ರು ಹಿಂದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಾತ್ರೆ ತೊಳೆಯುತ್ತೀಯಾ ಅಂತ ಕೇಳಲಿಲ್ಲ. ಹಿಂದೆ ಯಾರ ಮನೆಯಲ್ಲಿ ಇದ್ದೆ ಅಂತ ಕೇಳಲಿಲ್ಲ.

"ಚಪ್ಪಲಿ ನಂಬರ್ ಎಷ್ಟು?" ಅಂದರು.

"ಐದು."

"ಎಲ್ಲಿ, ನೋಡೋಣ." ಒಳಗಿನಿಂದ ಒಂದು ಶೂ ತರಿಸಿ ನನ್ನ ಕಾಲಿಗೆ ಹಾಕಿಸಿದರು. ಬೆರಳಿನ ತುದಿಯಲ್ಲಿ ಒತ್ತಿ ನೋಡಿದರು. ಹಿಮ್ಮಡಿಯ ಹಿಂದೆ ಬೆರಳು ತೂರಿಸಿ ನೋಡಿದರು. ದನ ಕೊಳ್ಳುವವರು ಹಲ್ಲು ಎಣಿಸುತ್ತಾರಲ್ಲ, ಹಾಗೆ. "ಸರಿ, ನಾಳೆ ಬಾ" ಅಂದರು.

ವಾರವಾದ ಮೇಲೆ ಗುಟ್ಟು ತಿಳಿಯಿತು. ದೊಡ್ಡಮ್ಮಾವ್ರ ಸೊಸೆ, ಅಂದರೆ ನಮ್ಮ ಅಮ್ಮಾವ್ರು, ಅವರ ಕಾಲೂ ಐದನೇ ನಂಬರು. ಅವರಿಗೆ ತಿಂಗಳಿಗೊಂದು ಹೊಸ ಶೂ ಬರುತ್ತಿತ್ತು. ಹೊಸ ಶೂ ಕಚ್ಚುತ್ತದೆ. ಅಮ್ಮಾವ್ರನ್ನು ಕಚ್ಚುವ ಮೊದಲು ಅದು ಇನ್ನೊಬ್ಬರನ್ನು ಕಚ್ಚಿ ಹಲ್ಲು ಮೊಂಡು ಮಾಡಿಕೊಳ್ಳಬೇಕು. ಆ ಇನ್ನೊಬ್ಬರು ನಾನು.

ನೆಲ, ಪಾತ್ರೆ, ಬಟ್ಟೆ, ಕಿಟಕಿಯ ಗಾಜು ಎಲ್ಲ ಇದ್ದೇ ಇದ್ದವು. ಅವುಗಳ ಮೇಲೆ ಶೂ ಪಳಗಿಸುವ ಕೆಲಸ. ತಳಕ್ಕೆ ಗೀರು ಬೀಳದ ಹಾಗೆ ಅಂಟುಪಟ್ಟಿ ಸುತ್ತಬೇಕು. ಒಳಗೆ ಹಿಮ್ಮಡಿ ತಾಗುವ ಜಾಗಕ್ಕೆ ಮೇಣದಬತ್ತಿ ಉಜ್ಜಬೇಕು. ದಪ್ಪ ಕಾಲುಚೀಲ ಹಾಕಿಕೊಂಡು ಹಿಂದಿನ ಮೆಟ್ಟಿಲನ್ನು ನಲವತ್ತು ಸಲ ಹತ್ತಿ ಇಳಿಯಬೇಕು. ಮೊದಲ ದಿನ ಹಿಮ್ಮಡಿ ಕೆಂಪಾಗುತ್ತದೆ. ಎರಡನೇ ದಿನ ಗುಳ್ಳೆ ಏಳುತ್ತದೆ. ಮೂರನೇ ದಿನ ಗುಳ್ಳೆ ಒಡೆದು ಕಾಲುಚೀಲ ಅಂಟಿಕೊಳ್ಳುತ್ತದೆ. ಬಿಚ್ಚುವಾಗ ಚರ್ಮವೂ ಜತೆಗೆ ಬರುತ್ತದೆ. ನಾಲ್ಕನೇ ದಿನ ಶೂ ಮೆತ್ತಗಾಗುತ್ತದೆ. ಆಮೇಲೆ ಒಳಗೆ ಪೌಡರ್ ಉದುರಿಸಿ, ಮೇಲೆ ಒರೆಸಿ, ಡಬ್ಬಿಗೆ ವಾಪಸ್. ಅಮ್ಮಾವ್ರು ಅದನ್ನು ಹಾಕಿಕೊಂಡು ಎರಡು ಹೆಜ್ಜೆ ನಡೆದು, "ಆಹಾ, ಎಷ್ಟು ಮೆತ್ತಗಿದೆ!" ಅನ್ನುತ್ತಿದ್ದರು. ಇರದೆ ಏನು! ನನ್ನ ನಾಲ್ಕು ದಿನದ ಚರ್ಮ ಅದರೊಳಗಿತ್ತು.

ತಮಾಷೆ ಏನು ಗೊತ್ತಾ? ಶೂ ಪಳಗಿಸಬೇಕು ಅನ್ನುವುದೇ ಅಮ್ಮಾವ್ರಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಪಳಗಿದ ಶೂನೊಳಗೇ ಕಾಲಿಟ್ಟವರು. ತವರಿನಲ್ಲೂ ನನ್ನಂಥವಳು ಒಬ್ಬಳು ಇದ್ದಿರಬೇಕು, ಪಾಪ, ಅವಳ ಹಿಮ್ಮಡಿ ಈಗ ಹೇಗಿದೆಯೋ. ನಾನು ಮೆಟ್ಟಿಲ ಮೇಲೆ ಅವರ ಶೂ ಹಾಕಿಕೊಂಡು ಓಡಾಡುವುದನ್ನು ಅಮ್ಮಾವ್ರು ಎಷ್ಟೋ ಸಲ ನೋಡಿದ್ದರು. ಅತ್ತೆ ಏನೋ ಕರುಣೆಯಿಂದ ಬಡವಳಿಗೆ ಆಸೆ ತೀರಿಸಿಕೊಳ್ಳಲು ಬಿಟ್ಟಿದ್ದಾರೆ ಅಂತ ಅವರು ತಿಳಿದುಕೊಂಡಿದ್ದರು.

"ಹಾಕ್ಕೋ, ಹಾಕ್ಕೋ. ಇಂಥ ಶೂ ಹಾಕ್ಕೊಳ್ಳೋ ಭಾಗ್ಯ ನಿಮ್ಮೋರಲ್ಲಿ ಯಾರಿಗಿದೆ ಹೇಳು?" ಅನ್ನುತ್ತಿದ್ದರು.

"ಯಾರಿಗೂ ಇಲ್ಲ ಅಮ್ಮಾವ್ರೇ" ಅನ್ನುತ್ತಿದ್ದೆ. ಕಾಲುಚೀಲದೊಳಗೆ ರಕ್ತ ಜಿನುಗುತ್ತಿತ್ತು.

ಒಂದು ದಿನ ಅಮ್ಮಾವ್ರನ್ನು ಕಾಣಲು ಬಂದ ಒಬ್ಬ ಮನುಷ್ಯ ದಾರಿ ತಪ್ಪಿ ಹಿಂದಿನ ಮೆಟ್ಟಿಲಿಗೆ ಬಂದ. ನಾನು ಮೇಲಿಂದ ಇಳಿಯುತ್ತಿದ್ದೆ. ಅವನಿಗೆ ಮೊದಲು ಕಂಡದ್ದು ಶೂ. ಕೂಡಲೇ ಸೊಂಟ ಬಗ್ಗಿಸಿ ಕೈಮುಗಿದ. ಮೆಲ್ಲಗೆ ಕಣ್ಣು ಮೇಲೆತ್ತಿದ. ಮೊಣಕಾಲು ದಾಟಿದ್ದೇ ತಡ, ಕೈ ಕೆಳಗಿಳಿಯಿತು, ಮುಖ ಗಂಟಾಯಿತು. "ಏಯ್, ಯಜಮಾನಿ ಎಲ್ಲಿ?" ಅಂದ. ಆ ಮನೆಯಲ್ಲಿ ನಾನು ಮೊಣಕಾಲಿನ ತನಕ ಶ್ರೀಮಂತಳು.

ನಾನು ಬಸುರಿಯಾದಾಗ ಕಾಲು ಊದಿ ಆರನೇ ನಂಬರಿಗೆ ಹೋಯಿತು. ದೊಡ್ಡಮ್ಮಾವ್ರು ತಲೆ ಮೇಲೆ ಕೈ ಹೊತ್ತುಕೊಂಡರು. "ಏನೇ ಇದು, ಕಾಲು ಕೆಡಿಸಿಕೊಂಡು ಬಿಟ್ಟೆಯಲ್ಲ!" ಅಂದರು. ಅಷ್ಟೂ ತಿಂಗಳು ಏನೇನೋ ನೆಪ ಹೇಳಿ ಸೊಸೆ ಹೊಸ ಶೂ ತೆಗೆಯದ ಹಾಗೆ ನೋಡಿಕೊಂಡರು. ಹೆರಿಗೆಯಾಗಿ ಇಪ್ಪತ್ತು ದಿನಕ್ಕೆ ನಾನು ಮರಳಿ ಹೋದಾಗ ಮಗು ಹೇಗಿದೆ ಅಂತ ಕೇಳಲಿಲ್ಲ, ಕಾಲು ಇಳಿಯಿತಾ ಅಂತ ಕೇಳಿದರು. ಮೂರು ತಿಂಗಳ ಹಿಂದೆ ಅವರು ತೀರಿಕೊಂಡರು. ಗುಟ್ಟನ್ನು ಸೊಸೆಗೆ ಹೇಳದೆಯೇ ಹೋದರು. ನಾನು ಮಾತ್ರ ರೂಢಿಯಂತೆ ಶೂ ಪಳಗಿಸುತ್ತಲೇ ಇದ್ದೆ.

ಈಗ ಬಾಗಿಲಿನ ವಿಷಯಕ್ಕೆ ಬರುತ್ತೇನೆ. ಜಗಳ ಶುರುವಾದದ್ದು ಶೂನಿಂದಲ್ಲ, ಬಾಗಿಲಿನಿಂದ.

ಅಮ್ಮಾವ್ರ ಬಡಾವಣೆಯ ಹಿಂದೆ ಎತ್ತರದ ಗೋಡೆ. ಗೋಡೆಯ ಆಚೆ ನಮ್ಮ ಓಣಿ. ಗೋಡೆಯಲ್ಲಿ ಒಂದು ಕಬ್ಬಿಣದ ಚಿಕ್ಕ ಬಾಗಿಲು. ಬಗ್ಗಿ ದಾಟಬೇಕು. ಆ ಬಡಾವಣೆಯ ನೆಲ ಒರೆಸುವವರು, ಕಾರು ತೊಳೆಯುವವರು, ಗಿಡಕ್ಕೆ ನೀರು ಹಾಕುವವರು ಎಲ್ಲ ಅದರಲ್ಲೇ ಬಗ್ಗಿ ಬರುತ್ತಿದ್ದೆವು. ನಮ್ಮ ಮನೆಯಿಂದ ಅಮ್ಮಾವ್ರ ಮನೆಗೆ ನಾಲ್ಕು ನಿಮಿಷ.

ನನ್ನ ಮಗಳಿಗೆ ಆಗ ಎಂಟು ತಿಂಗಳು. ಹಗಲು ನನ್ನ ಅತ್ತೆಯ ಹತ್ತಿರ ಇರುತ್ತಿದ್ದಳು. ಹನ್ನೆರಡು ಗಂಟೆಗೆ ನನಗೆ ಅರ್ಧ ಗಂಟೆ ಬಿಡುವು. ಬಾಗಿಲು ದಾಟಿ ಓಡಿ ಹೋಗುತ್ತಿದ್ದೆ, ಹಾಲು ಕುಡಿಸುತ್ತಿದ್ದೆ, ಓಡಿ ಬರುತ್ತಿದ್ದೆ. ಹೋಗುವುದು ಐದು ನಿಮಿಷ ತಡವಾದರೆ ಎದೆ ಕಲ್ಲಾಗುತ್ತಿತ್ತು. ಹತ್ತು ನಿಮಿಷವಾದರೆ ಅಂಗಿ ನೆನೆಯುತ್ತಿತ್ತು. ಅತ್ತ ಮಗು ಓಣಿಯೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು.

ಬಡಾವಣೆಯ ಸಂಘಕ್ಕೆ ಅಮ್ಮಾವ್ರೇ ಅಧ್ಯಕ್ಷರು. ತಿಂಗಳ ಮೊದಲಿಗೆ ಒಂದು ಕಾಗದ ಬಾಗಿಲಿಗೆ ಅಂಟಿತು. ಭದ್ರತೆಯ ಸಲುವಾಗಿ ಈ ಬಾಗಿಲನ್ನು ಶಾಶ್ವತವಾಗಿ ಮುಚ್ಚಲಾಗುವುದು, ಕೆಲಸದವರು ಮುಖ್ಯರಸ್ತೆಯ ದೊಡ್ಡ ಗೇಟಿನಿಂದ ಬರತಕ್ಕದ್ದು. ಓದಿ ಹೇಳಿದವಳು ದರ್ಜಿಯಕ್ಕ. ನಮ್ಮ ಓಣಿಯಲ್ಲಿ ಹೊಲಿಗೆ ಮಿಷಿನ್ ಇಟ್ಟುಕೊಂಡಿದ್ದಾಳೆ, ಓದು ಬರಹ ಚೆನ್ನಾಗಿ ಗೊತ್ತು, ಬಾಯಿ ಅದಕ್ಕಿಂತ ಚೆನ್ನಾಗಿ ಗೊತ್ತು.

"ಸುತ್ತಿ ಹೋದ್ರೆ ಮುಕ್ಕಾಲು ಗಂಟೆ. ನಿನ್ನ ಮಗು ಏನು ಗಾಳಿ ಕುಡಿಯುತ್ತಾ?" ಅಂದಳು. ಅದೇ ಸಂಜೆ ನಗರಸಭೆಗೆ ಅರ್ಜಿ ಬರೆದಳು. ಅದು ಗೋಡೆ ಕಟ್ಟುವ ಮೊದಲಿನಿಂದ ಇದ್ದ ಕಾಲುದಾರಿ, ಮುಚ್ಚುವಂತಿಲ್ಲ, ಸುತ್ತುದಾರಿಯನ್ನು ನಡೆದು ನೋಡಿ ತೀರ್ಮಾನ ಹೇಳಿ ಅಂತ. ಮೊದಲ ಸಹಿ ನಂದು. ಬರೆಯಲು ಬರುವುದು ನನಗೆ ಸಹಿ ಒಂದೇ, ಅದಕ್ಕೇ ದೊಡ್ಡದಾಗಿ ಹಾಕಿದೆ.

ಅರ್ಜಿಯ ನಕಲು ಅಮ್ಮಾವ್ರ ಕೈಗೆ ಬಂತು. ಬರದೆ ಇರುತ್ತದಾ? ನನ್ನನ್ನು ಒಳಗೆ ಕರೆದರು. ಮಂಚದ ಮೇಲೆ ಹೊಸ ಶೂ ಡಬ್ಬಿ ತೆರೆದಿತ್ತು. ಕೆಂಪು ಬಣ್ಣ, ಚೂಪು ಮೂತಿ, ಮರದ ಹಲಗೆಯ ಹಾಗೆ ಬಿರುಸು. ನೋಡಿದೊಡನೆ ನನ್ನ ಹಿಮ್ಮಡಿ ಚುರುಗುಟ್ಟಿತು.

"ಇದು ಯಾರ ಸಹಿ?"

"ನಂದೇ ಅಮ್ಮಾವ್ರೇ."

"ಓಹೋ. ಆರು ವರ್ಷ ಈ ಮನೆ ಅನ್ನ ತಿಂದು, ನನ್ನ ಶೂ ಹಾಕ್ಕೊಂಡು ಮೆರೆದು, ನನ್ನ ಮೇಲೇ ಸಹಿ ಹಾಕ್ತೀಯಾ?"

"ನಿಮ್ಮ ಮೇಲಲ್ಲ. ಬಾಗಿಲಿಗೆ. ಮಧ್ಯಾಹ್ನ ಮಗೂಗೆ ಹಾಲು..."

"ಬಾಟಲಿ ಹಾಲು ಕೊಡು. ಎಲ್ಲರೂ ಕೊಡಲ್ವಾ?"

"ಅವಳಿಗೆ ಬಾಟಲಿ. ಸರಿ. ನನ್ನ ಎದೆಗೆ ಏನು ಕೊಡ್ಲಿ? ಇದನ್ನ ಎಲ್ಲಿ ಸುರೀಲಿ?"

ಅಮ್ಮಾವ್ರು ಮುಖ ತಿರುಗಿಸಿದರು. ಅಂಥ ಮಾತು ಆ ಕೋಣೆಯಲ್ಲಿ ಯಾರೂ ಆಡಿರಲಿಲ್ಲ ಅಂತ ಕಾಣುತ್ತದೆ. ಬೆರಳೆತ್ತಿ, ಒಂದೊಂದೇ ಮಾತು ತೂಗಿ ಹೇಳಿದರು. "ನನ್ನ ಅತ್ತೆ ನಿನ್ನನ್ನ ತಲೆ ಮೇಲೆ ಕೂರಿಸಿಕೊಂಡಿದ್ರು. ಇನ್ನು ಅದೆಲ್ಲ ನಡೆಯಲ್ಲ. ಇವತ್ತಿನಿಂದ ನನ್ನ ಶೂಗೆ ನೀನು ಕಾಲು ಹಾಕೋ ಹಾಗಿಲ್ಲ. ಕೈನೂ ಹಾಕೋ ಹಾಗಿಲ್ಲ. ಗೊತ್ತಾಯ್ತಾ?"

ಇದು ಶಿಕ್ಷೆ! ದೇವರಾಣೆ, ನಾನು ಕೆನ್ನೆಯ ಒಳಗಡೆ ಹಲ್ಲಿನಿಂದ ಕಚ್ಚಿ ಹಿಡಿದುಕೊಂಡೆ. ಇಲ್ಲದಿದ್ದರೆ ಅಲ್ಲೇ ನಕ್ಕುಬಿಡುತ್ತಿದ್ದೆ. ಆದರೂ ಆರು ವರ್ಷದ ಋಣ ಅನ್ನಿ, ಅಭ್ಯಾಸ ಅನ್ನಿ, ಒಂದು ಮಾತು ಹೇಳಿದೆ.

"ಅಮ್ಮಾವ್ರೇ, ಅದು ಕಚ್ಚುತ್ತೆ."

"ಕಚ್ಚೋದು ನೀವು ರಸ್ತೆ ಬದಿಯಲ್ಲಿ ತಗೊಳ್ಳೋ ಚಪ್ಪಲಿ. ಇಂಥ ಶೂ ಕಚ್ಚಲ್ಲ. ಇಷ್ಟು ವರ್ಷದಲ್ಲಿ ನನಗೆ ಒಂದಾದ್ರೂ ಕಚ್ಚಿದೆಯಾ?"

"ಇಲ್ಲ" ಅಂದೆ. ಸುಳ್ಳಲ್ಲ ಅದು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಮಗುವನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಪಾಪ, ಎಷ್ಟು ದೊಡ್ಡ ಶಿಕ್ಷೆ! ಇನ್ಮೇಲೆ ನಿನ್ನ ಕಾಲು ನೋಯೋದೇ ಇಲ್ವಲ್ಲೇ, ಹೇಗೆ ತಡ್ಕೊಳ್ತೀಯಾ?" ಅಂದಳು. ನನ್ನ ಅತ್ತೆ ಹಾಗೇ. ಸಾವಿನ ಮನೆಯಲ್ಲೂ ಒಂದು ಮಾತು ಬಿಟ್ಟುಕೊಡುವವಳಲ್ಲ.

ಎರಡು ದಿನ ಬಿಟ್ಟು ನಗರಸಭೆಯ ಇಂಜಿನಿಯರ್ ಬಂದ. ಅವತ್ತು ಬೆಳಿಗ್ಗೆಯೇ ಅಮ್ಮಾವ್ರು ಚಿಕ್ಕ ಬಾಗಿಲಿಗೆ ಬೀಗ ಹಾಕಿಸಿ, ಯಾರು ಬಂದರೂ ತೆಗೆಯಬೇಡ ಅಂತ ಕಾವಲುಗಾರನಿಗೆ ಹೇಳಿದ್ದರು. ಹಳೆಯ ಕಾವಲುಗಾರ ನಮ್ಮನ್ನು ನೋಡಿ ಕರಗುತ್ತಾನೆ ಅಂತ ಮೂರು ದಿನದ ಹಿಂದೆ ಅವನನ್ನು ತೆಗೆದು ಹೊಸಬನನ್ನು ಇಟ್ಟಿದ್ದರು. ದರ್ಜಿಯಕ್ಕ ಮತ್ತು ಓಣಿಯ ನಾಲ್ವರು ಹೆಂಗಸರು ದೊಡ್ಡ ಗೇಟಿನಿಂದ ಸುತ್ತಿಕೊಂಡೇ ಬಂದರು. ಅವರನ್ನು ಅಂಗಳದ ಬಿಸಿಲಲ್ಲಿ ನಿಲ್ಲಿಸಿದರು. ಇಂಜಿನಿಯರನ್ನು ಮೆತ್ತನೆಯ ಸೋಫಾದಲ್ಲಿ ಕೂರಿಸಿದರು. ನಾನು ಎತ್ತರದ ಗಾಜಿನ ಲೋಟದಲ್ಲಿ ಹಣ್ಣಿನ ರಸ ತಂದುಕೊಟ್ಟೆ.

ಆ ಇಂಜಿನಿಯರ್ ಕೆಟ್ಟವನೇನಲ್ಲ. ಕೂತ ಜಾಗ ಅವನನ್ನು ಕೆಡಿಸಿತು. ಮೇಲೆ ತೂಗುವ ದೀಪ ನೋಡಿದ, ಕೆಳಗೆ ಹೊಳೆಯುವ ನೆಲ ನೋಡಿದ, ತನ್ನ ಮಣ್ಣು ಮೆತ್ತಿದ ಬೂಟನ್ನು ಮೆಲ್ಲಗೆ ಸೋಫಾದ ಕೆಳಗೆ ಎಳೆದುಕೊಂಡ. ಅಮ್ಮಾವ್ರು ಮೆಟ್ಟಿಲಿಳಿದು ಬಂದರು. ಆಹಾ, ಏನು ಬಟ್ಟೆ, ಏನು ವಾಸನೆ! ಕಾಲಲ್ಲಿ ಆ ಕೆಂಪು ಶೂ. ಇಂಜಿನಿಯರ್ ಎದ್ದು ನಿಂತುಬಿಟ್ಟ.

"ಸುತ್ತಿ ಹೋದ್ರೆ ಎಷ್ಟಾಗುತ್ತೆ ಮೇಡಂ?"

"ಹತ್ತು ನಿಮಿಷ."

"ನೀವು ಹೇಳಿದ ಮೇಲೆ ಮುಗೀತು ಬಿಡಿ" ಅಂತ ಪೆನ್ನು ತೆಗೆದ.

ಬಾಗಿಲ ಹತ್ತಿರದಿಂದ ದರ್ಜಿಯಕ್ಕ ಕೂಗಿದಳು. "ಏನು ಮುಗಿಯೋದು ಸಾರ್? ನಡೆದು ನೋಡಿ ಅಂತ ಅರ್ಜಿಯಲ್ಲಿ ಬರೆದಿದೆ. ಕೂತು ನೋಡಿ ಅಂತ ಬರೆದಿಲ್ಲ."

ಇಂಜಿನಿಯರ್ ಅಮ್ಮಾವ್ರ ಮುಖ ನೋಡಿದ. ಅಮ್ಮಾವ್ರು ನಕ್ಕರು. "ನಡೀರಿ. ನಾನೂ ಬರ್ತೀನಿ. ನಾನೇನು ಸಕ್ಕರೆ ಗೊಂಬೆನಾ ಕರಗೋಕೆ?" ಅಂದರು. ನನ್ನ ಕಡೆ ತಿರುಗಿ, "ಏಯ್, ಛತ್ರಿ ತಗೋ" ಅಂದರು.

ಒಂದು ಮಾತು ಹೇಳಬೇಕು, ಹತ್ತು ನಿಮಿಷ ಅಂತ ಅವರು ಬೇಕಂತಲೇ ಸುಳ್ಳು ಹೇಳಿದ್ದಲ್ಲ. ಸೇತುವೆಯ ತನಕ ಕಾರಿನಲ್ಲಿ ಹೋಗಿದ್ದರು, ಮೂರು ನಿಮಿಷವಾಗಿತ್ತು. ಅಲ್ಲಿಂದ ಮುಂದೆ ಕಾರು ಹೋಗುವುದಿಲ್ಲ. ಕಾರು ಹೋಗದ ದಾರಿಗೂ ಉದ್ದ ಇರುತ್ತದೆ ಅಂತ ಅವರಿಗೆ ಯಾರು ಹೇಳಬೇಕು?

ಹನ್ನೊಂದು ನಲವತ್ತಕ್ಕೆ ದೊಡ್ಡ ಗೇಟು ಬಿಟ್ಟೆವು. ಮುಂದೆ ಅಮ್ಮಾವ್ರು, ಅವರ ಪಕ್ಕ ಛತ್ರಿ ಹಿಡಿದು ನಾನು, ಆ ಕಡೆ ಇಂಜಿನಿಯರ್, ಹಿಂದೆ ಐವರು ಹೆಂಗಸರು. ಛತ್ರಿ ಅಮ್ಮಾವ್ರಿಗೆ. ಬಿಸಿಲು ನನಗೆ. ಮೊದಲ ಐದು ನಿಮಿಷ ಅಮ್ಮಾವ್ರು ಏನೇನೋ ಮಾತಾಡಿದರು. ಗಿಡ ನೆಡಿಸಿದ್ದು, ದೀಪ ಹಾಕಿಸಿದ್ದು. ಆಮೇಲೆ ಮಾತು ಕಡಿಮೆಯಾಯಿತು. ಆಮೇಲೆ ನಿಂತಿತು. ನನಗೆ ನೋಡುವುದೇ ಬೇಕಾಗಿರಲಿಲ್ಲ. ಹೆಜ್ಜೆಯ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಈಗ ಬಲ ಹಿಮ್ಮಡಿ. ಈಗ ಕಿರುಬೆರಳು. ಈಗ ಎಡ ಹಿಮ್ಮಡಿ.

ಸೇತುವೆ ಬಂತು. "ಎಷ್ಟಾಯ್ತು?" ಅಂದರು ಅಮ್ಮಾವ್ರು.

ಇಂಜಿನಿಯರ್ ಗಡಿಯಾರ ನೋಡಿದ. ಅಮ್ಮಾವ್ರ ಮುಖ ನೋಡಿದ. "ಏಳೆಂಟು ನಿಮಿಷ ಆಗಿರಬಹುದು ಮೇಡಂ."

"ಸಾರ್, ಗಡಿಯಾರ ಇತ್ಲಾಗೆ ತೋರ್ಸಿ" ಅಂದಳು ದರ್ಜಿಯಕ್ಕ.

ಅವನು ಅಂಗಿಯ ತೋಳು ಕೆಳಗೆ ಎಳೆದುಕೊಂಡ. ಮುಚ್ಚಿಬಿಟ್ಟ! ಅಲ್ಲಿ ನನಗೆ ಮೈ ಉರಿಯಿತು. ನನಗೆ ಗಡಿಯಾರ ಬೇಕಾಗಿರಲಿಲ್ಲ. ಎದೆ ಬಿಗಿಯುತ್ತಿತ್ತು, ಹನ್ನೆರಡಾಯಿತು ಅಂತ ಅದು ಹೇಳುತ್ತಿತ್ತು. ಗೇಟು ಬಿಟ್ಟು ಇಪ್ಪತ್ತು ನಿಮಿಷ. ಒಬ್ಬಳ ಬಟ್ಟೆಯ ಹೊಳಪಿಗೆ ಇನ್ನೊಬ್ಬನ ಗಡಿಯಾರದ ಮುಳ್ಳೇ ಹಿಂದಕ್ಕೆ ಹೋಗುತ್ತದಲ್ಲ, ಥೂ! ಬಾಯಿ ತನಕ ಬಂತು. ಕೆಲಸದ ನೆನಪಾಯಿತು. ನುಂಗಿಕೊಂಡೆ.

ಸೇತುವೆಯ ಆಚೆ ಕೊಳಚೆ ಕಾಲುವೆಯ ದಂಡೆ. ಅದರ ಮೇಲೆ ಕಲ್ಲುಮಣ್ಣಿನ ಕಾಲುದಾರಿ. ಒಂದು ಕಡೆ ನಾತ, ಇನ್ನೊಂದು ಕಡೆ ಮುಳ್ಳಿನ ಪೊದೆ, ನೆರಳಿನ ಹೆಸರಿಲ್ಲ. ಅಮ್ಮಾವ್ರು ಕುಂಟತೊಡಗಿದರು. ತುಟಿ ಕಚ್ಚಿಕೊಂಡಿದ್ದರು. ಕೆಂಪು ಶೂವಿನ ಹಿಂಭಾಗದಲ್ಲಿ ಇನ್ನೂ ಗಾಢವಾದ ಕೆಂಪು ಕಾಣಿಸಿತು. ದಂಡೆಯ ನಡುಮಧ್ಯಕ್ಕೆ ಬಂದಾಗ ನಿಂತೇಬಿಟ್ಟರು. ಒಂದು ಕಲ್ಲಿನ ಮೇಲೆ ಕುಸಿದು ಕೂತು ಶೂ ಬಿಚ್ಚಿದರು.

ಎರಡೂ ಹಿಮ್ಮಡಿಯ ಚರ್ಮ ಸುಲಿದಿತ್ತು. ನನ್ನ ಮೊದಲ ವರ್ಷದ ಕಾಲು ಥೇಟ್ ಹೀಗೇ ಇತ್ತು. ನಿಜ ಹೇಳುತ್ತೇನೆ, ಪಾಪ ಅನ್ನಿಸಿತು. ಅಷ್ಟು ಮೆದು ಕಾಲು, ನೋವಿನ ಅಭ್ಯಾಸವೇ ಇಲ್ಲದ್ದು.

ಅಮ್ಮಾವ್ರು ಡ್ರೈವರಿಗೆ ಫೋನ್ ಮಾಡಿದರು. ಅವನು ಸೇತುವೆಯ ಹತ್ತಿರ ಕಾರು ಇಟ್ಟುಕೊಂಡು ಕಾಯುತ್ತಿದ್ದ. ಫೋನಿನಲ್ಲಿ ಅವನ ಧ್ವನಿ ಎಲ್ಲರಿಗೂ ಕೇಳಿಸಿತು.

"ಅಮ್ಮಾವ್ರೇ, ಅಲ್ಲಿಗೆ ಕಾರು ಬರಲ್ಲ. ನಾನು ಮನೆಗೆ ಹೋಗಿ ಬೇರೆ ಚಪ್ಪಲಿ ತಗೊಂಡು, ಮತ್ತೆ ಸೇತುವೆಗೆ ಬಂದು, ಅಲ್ಲಿಂದ ನಡ್ಕೊಂಡು ಬರ್ಬೇಕು. ಅರ್ಧ ಗಂಟೆ ಮೇಲೇ ಆಗುತ್ತೆ. ಭಾರೀ ದೂರ ಅಲ್ವಾ ಅದು?"

ದರ್ಜಿಯಕ್ಕ ಕೆಮ್ಮಿದಳು. ಅಮ್ಮಾವ್ರು ಫೋನ್ ಕಟ್ ಮಾಡಿದರು. ಬರಿಗಾಲು ನೆಲಕ್ಕೆ ಇಟ್ಟು ನೋಡಿದರು. ಕಾದ ಕಲ್ಲು. ಸರ್ರನೆ ಎತ್ತಿಕೊಂಡರು. ಅವರ ಕಣ್ಣು ಸುತ್ತ ನಿಂತವರ ಪಾದಗಳ ಮೇಲೆ ಒಂದೊಂದಾಗಿ ಹಾದು ಬಂತು. ಇಂಜಿನಿಯರನ ದೋಣಿಯಂಥ ಬೂಟು. ದರ್ಜಿಯಕ್ಕನ ಪುಟ್ಟ ಕಾಲು. ಕೊನೆಗೆ ನನ್ನ ಕಾಲ ಮೇಲೆ ನಿಂತಿತು. ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ. ಮೂರು ವರ್ಷ ಸವೆದು ನನ್ನ ಪಾದದ ಅಚ್ಚೇ ಮೂಡಿದ್ದು.

"ನಿಂದು ಐದಲ್ವಾ?" ಅಂದರು. "ಬಿಡು ಅದನ್ನ. ನೀನು ನನ್ನ ಶೂ ಹಾಕ್ಕೋ. ಹಾಕ್ಕೋಬಹುದು, ಪರ್ವಾಗಿಲ್ಲ."

ಪರವಾಗಿಲ್ಲವಂತೆ! ಕ್ಷಮಿಸಿಬಿಟ್ಟರು ನನ್ನನ್ನು. ಶಿಕ್ಷೆ ವಾಪಸ್ ತಗೊಂಡರು. ಅಷ್ಟು ಹೊತ್ತಿಗೆ ನನ್ನ ಅಂಗಿಯ ಮುಂಭಾಗ ಪೂರ್ತಿ ಒದ್ದೆಯಾಗಿತ್ತು. ಗಂಡಸಿನ ಎದುರು, ಬೀದಿಯಲ್ಲಿ. ಛತ್ರಿ ಹಿಡಿದ ಕೈಯಿಂದ ಮುಚ್ಚಿಕೊಳ್ಳಲೂ ಆಗುತ್ತಿರಲಿಲ್ಲ. ನಾಚಿಕೆಯಾಯಿತು. ಆಮೇಲೆ ನಾಚಿಕೆ ಹೋಗಿ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. ಅಳಲಿಲ್ಲ.

"ಕೊಡಲ್ಲ" ಅಂದೆ.

"ಏನಂದೆ?"

"ಕೊಡಲ್ಲ ಅಂದೆ. ಚಪ್ಪಲಿ ನಂದು."

"ತಲೆ ಕೆಟ್ಟಿದೆಯಾ ನಿನಗೆ? ಕಾಲು ಕಾಣಿಸ್ತಿಲ್ವಾ?"

"ಕಾಣಿಸ್ತಿದೆ. ಆರು ವರ್ಷದಿಂದ ಕಾಣಿಸ್ತಿದೆ. ನಿಮ್ಮ ಶೂ ಮೆತ್ತಗೆ ಹುಟ್ಟಲ್ಲ ಅಮ್ಮಾವ್ರೇ. ನಾನು ಕಾಲು ಕೊಟ್ಟು ಮೆತ್ತಗೆ ಮಾಡ್ತಿದ್ದೆ. ನೋಡಿ ಬೇಕಾದ್ರೆ." ಬಲಗಾಲು ಎತ್ತಿ ಹಿಮ್ಮಡಿ ತೋರಿಸಿದೆ. ಅಲ್ಲಿ ಈಗ ಚರ್ಮವಿಲ್ಲ, ಕಪ್ಪು ಜಡ್ಡು ಇದೆ, ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಅಮ್ಮಾವ್ರು ನೋಡಿದರು. ತಮ್ಮ ಹಿಮ್ಮಡಿ ನೋಡಿಕೊಂಡರು. ಅರ್ಥವಾಯಿತು. ಅರ್ಥವಾದದ್ದಕ್ಕೇ ಇನ್ನೂ ಕೋಪ ಬಂತು.

"ನಾಳೆಯಿಂದ ಕೆಲಸಕ್ಕೆ ಬರ್ಬೇಡ!"

"ನಾಳೆವರೆಗೆ ಯಾಕೆ, ಈಗ್ಲೇ ಬಿಟ್ಟೆ." ಛತ್ರಿ ಮಡಚಿ ಅವರ ತೊಡೆಯ ಮೇಲಿಟ್ಟೆ. ಕೈ ಎಷ್ಟು ಹಗುರವಾಯಿತು ಅಂತೀರಿ! "ಈಗ ನಾನು ನಿಮ್ಮ ಕೆಲಸದವಳಲ್ಲ. ಹಾಗಾಗಿ ನೇರವಾಗಿ ಮಾತಾಡೋಣ. ಚಪ್ಪಲಿ ಬೇಕಾ? ಅವರ ಗಡಿಯಾರ ನೋಡಿ ಎಷ್ಟಾಯ್ತು ಅಂತ ಬಾಯಿಬಿಟ್ಟು ಹೇಳಿ. ಅವರು ಬರ್ಕೊಳ್ಳಲಿ. ಆಮೇಲೆ ಕೊಡ್ತೀನಿ."

ಅಮ್ಮಾವ್ರು ಹಿಂದೆ ನೋಡಿದರು, ಸೇತುವೆ ದೂರ. ಮುಂದೆ ನೋಡಿದರು, ಓಣಿಯೂ ದೂರ. ಮತ್ತೊಮ್ಮೆ ಕಾಲಿಟ್ಟು ನೋಡಿದರು. ಆಮೇಲೆ ಇಂಜಿನಿಯರನ ಮಣಿಕಟ್ಟು ಎಳೆದು, ತೋಳು ಮೇಲಕ್ಕೆ ಸರಿಸಿದರು.

"ಮೂವತ್ತೊಂದು ನಿಮಿಷ" ಅಂದರು. ಹಲ್ಲಿನ ಸಂದಿಯಿಂದ.

"ಜೋರಾಗಿ."

"ಮೂವತ್ತೊಂದು ನಿಮಿಷ!"

"ಇನ್ನೂ ತಲುಪಿಲ್ಲ ಅನ್ನೋದೂ ಸೇರ್ಸಿ ಬರ್ಕೊಳ್ಳಿ ಸಾರ್" ಅಂದಳು ದರ್ಜಿಯಕ್ಕ. ಇಂಜಿನಿಯರ್ ಬರೆದ. ಅವಳು ಹೆಗಲ ಮೇಲಿಂದ ಬಗ್ಗಿ ಓದಿ ನನಗೆ ತಲೆಯಾಡಿಸಿದಳು. ನಾನು ಚಪ್ಪಲಿ ಬಿಟ್ಟು ಅಮ್ಮಾವ್ರ ಮುಂದೆ ಜೋಡಿಸಿ ಇಟ್ಟೆ. ಕಾಲು ತೂರಿಸಿದರು. ಹೇಳಿ ಮಾಡಿಸಿದ ಹಾಗೆ ಕೂತಿತು. ಎದ್ದು ನಿಂತು ಅಭ್ಯಾಸಬಲದಿಂದ ಆ ಕೆಂಪು ಶೂ ನನ್ನ ಕಡೆ ಚಾಚಿದರು.

"ಅದಕ್ಕೆ ನಾನು ಕೈ ಹಾಕೋ ಹಾಗಿಲ್ಲ ಅಂದಿದ್ರಲ್ಲ" ಅಂದೆ.

ಒಂದು ಕೈಯಲ್ಲಿ ಶೂ, ಒಂದು ಕೈಯಲ್ಲಿ ಛತ್ರಿ ಹಿಡಿದು ಅಮ್ಮಾವ್ರು ನಡೆದರು. ನಾನು ಬರಿಗಾಲಿನಲ್ಲಿ ಮುಂದೆ ಓಡಿದೆ. ಮಗುವಿನ ಕೂಗು ಓಣಿಯ ತಿರುವಿನಲ್ಲೇ ಕೇಳಿಸಿತು. ಅತ್ತೆ ಬಾಗಿಲಲ್ಲಿ ನಿಂತು ಮಗುವನ್ನು ಹೆಗಲ ಮೇಲೆ ಕುಣಿಸುತ್ತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ದೆಯೇ? ಕೂಗಿ ಕೂಗಿ ಮಗು ನೀಲಿಯಾಗಿದೆ! ಚಪ್ಪಲಿ ಎಲ್ಲಿ?"

"ಬರ್ತಾ ಇದೆ, ಹಿಂದೆ" ಅಂದು ಹೊಸ್ತಿಲ ಮೇಲೆ ಕೂತು ಮಗುವನ್ನು ಎದೆಗೆ ಹಾಕಿಕೊಂಡೆ. ಕಚ್ಚಿ ಹಿಡಿದಳು. ಅಬ್ಬಾ! ಆ ಕ್ಷಣದಲ್ಲಿ ನನಗೆ ಕೆಲಸವೂ ಬೇಡವಾಗಿತ್ತು, ಜಗತ್ತೂ ಬೇಡವಾಗಿತ್ತು.

ಉಳಿದವರು ಬಂದರು. ಕುಂಟುತ್ತಾ ನಡೆದದ್ದು ಲೆಕ್ಕಕ್ಕೆ ಬರುವುದಿಲ್ಲ ಅಂತ ಇಂಜಿನಿಯರ್ ಗೊಣಗಿದ. ದರ್ಜಿಯಕ್ಕ ದೊಡ್ಡ ಮನಸ್ಸು ಮಾಡಿ ಕಲ್ಲಿನ ಮೇಲೆ ಕೂತ ಹೊತ್ತನ್ನು ಬಿಟ್ಟುಕೊಟ್ಟಳು. ನಲವತ್ತೈದು ನಿಮಿಷ ಅಂತ ಬರೆಸಿದಳು. ಅದರ ಕೆಳಗೆ, ಕಾಲುದಾರಿಯ ಬಾಗಿಲು ಮುಚ್ಚುವಂತಿಲ್ಲ, ಅಂತ ಬರೆದು ಇಂಜಿನಿಯರ್ ಸಹಿ ಹಾಕಿದ. ಅಮ್ಮಾವ್ರ ಮುಖ ನೋಡಲಾರದೆ ಬಂದ ದಾರಿಯಲ್ಲೇ ವಾಪಸ್ ಹೊರಟುಬಿಟ್ಟ. ಪುಣ್ಯಾತ್ಮ, ಇನ್ನೊಮ್ಮೆ ಅಳೆಯಲಿ.

ಅಮ್ಮಾವ್ರು ಉಳಿದರು. ನಮ್ಮ ಮನೆಯಿಂದ ಇಪ್ಪತ್ತು ಹೆಜ್ಜೆಗೆ ಕಬ್ಬಿಣದ ಬಾಗಿಲು. ಅದರಾಚೆ ನಾಲ್ಕು ನಿಮಿಷಕ್ಕೆ ಅವರ ಮನೆ, ತಣ್ಣನೆ ನೆಲ, ಔಷಧಿ ಡಬ್ಬಿ. ಹೋಗಿ ಬಾಗಿಲು ತಟ್ಟಿದರು.

"ಯಾರದು?" ಒಳಗಿನಿಂದ ಹೊಸ ಕಾವಲುಗಾರ.

"ನಾನು. ಬಾಗಿಲು ತೆಗಿ."

"ನಾನು ಅಂದ್ರೆ ಯಾರು?"

"ನಾನಯ್ಯಾ, ಅಧ್ಯಕ್ಷರು! ಬೇಗ ತೆಗಿ!"

ಬಾಗಿಲಿನ ಕೆಳಗೆ ಒಂದು ಗೇಣು ಸಂದಿ ಇದೆ. ಕಾವಲುಗಾರ ಬಗ್ಗಿ ನೋಡಿದ್ದು ನನಗೆ ಕೂತಲ್ಲಿಂದಲೇ ಗೊತ್ತಾಯಿತು. ಅವನಿಗೆ ಕಂಡದ್ದು ಸವೆದ ರಬ್ಬರ್ ಚಪ್ಪಲಿ, ಅದರಲ್ಲಿ ಧೂಳು ಮೆತ್ತಿದ ಎರಡು ಕಾಲು.

"ಹೋಗಮ್ಮ, ಹೋಗು" ಅಂದ. "ಬೆಳಿಗ್ಗೆಯಿಂದ ನೀನು ಮೂರನೇ ಅಧ್ಯಕ್ಷರು. ನಮ್ಮ ಅಮ್ಮಾವ್ರು ಇಂಥ ಚಪ್ಪಲಿ ಹಾಕ್ತಾರಾ? ಸುತ್ಕೊಂಡು ಬಾ, ದೊಡ್ಡ ಗೇಟಿಗೆ."

ಅಮ್ಮಾವ್ರು ಗುದ್ದಿದರು, ಕೂಗಿದರು, ಕೆಲಸದಿಂದ ತೆಗೆಯುತ್ತೇನೆ ಅಂದರು. ಕಾವಲುಗಾರನ ಹೆಜ್ಜೆ ದೂರ ಹೋಯಿತು. ಅವನ ಫೋನ್ ನಂಬರ್ ಅಮ್ಮಾವ್ರ ಹತ್ತಿರ ಎಲ್ಲಿಂದ ಇರಬೇಕು, ಅವನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಡ್ರೈವರಿಗೆ ಮಾಡಿದರು, ಅವನು ಎತ್ತಲಿಲ್ಲ. ಓಣಿಯ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಬಾಗಿಲಿಗೆ ಬಂದು ನಿಂತರು. ಯಾರೂ ನಗಲಿಲ್ಲ. ನನ್ನ ಅತ್ತೆಯೂ ನಗಲಿಲ್ಲ, ಅದು ದೊಡ್ಡ ಮಾತು.

ಕೊನೆಗೆ ಅಮ್ಮಾವ್ರು ನನ್ನ ಕಡೆ ತಿರುಗಿದರು. ಆ ಕಾವಲುಗಾರನಿಗೆ ಈ ಓಣಿಯಲ್ಲಿ ಪರಿಚಯದ ಧ್ವನಿ ನಂದೊಂದೇ. ಮೂರು ದಿನವೂ ಮಧ್ಯಾಹ್ನ ಅವನ ಜತೆ ಮಾತಾಡಿಕೊಂಡೇ ದಾಟಿದ್ದೆ. ಅವರು ಹತ್ತಿರ ಬಂದು ನಿಂತರು.

"ಒಂದು ಸಲ ಬಂದು ಅವನಿಗೆ ಹೇಳಮ್ಮ" ಅಂದರು. "ನಾನೇ ಅಂತ ಹೇಳು."

ಹೇಳಮ್ಮ. ಆರು ವರ್ಷದಲ್ಲಿ ಮೊದಲ ಸಲ.

ಮಗು ಒಂದು ಕಡೆ ಮುಗಿಸಿ ಬಾಯಿ ತೆಗೆದಳು. ತಿರುಗಿಸಿ ಈ ಕಡೆ ಹಾಕಿಕೊಂಡೆ. ಹೊಸ್ತಿಲಲ್ಲಿ ಸ್ವಲ್ಪ ಸರಿದೆ.

"ಇವಳದ್ದು ಇನ್ನೊಂದು ಕಡೆ ಆಗ್ಬೇಕು" ಅಂದೆ. "ಕೂತ್ಕೊಳ್ಳಿ."

ಅಮ್ಮಾವ್ರು ಓಣಿಯನ್ನೊಮ್ಮೆ ನೋಡಿದರು. ಶೂವನ್ನು ಮಣ್ಣಿನ ಮೇಲಿಟ್ಟು ನನ್ನ ಪಕ್ಕದಲ್ಲಿ ಕೂತರು.